ಭತ್ತದ ಡ್ರೈಯರಿಗೆ ಹಾಕಿದ ಕಾರು

ದೊಡ್ಡಪ್ಪನಿಗೂ ನನಗೂ ಮೊದಲಿನಿಂದ ಆಗಿಬರುವುದಿಲ್ಲ. ಮಾನ್ವಿಯಲ್ಲಿ ಅವರದು ರೈಸ್‌ಮಿಲ್ಲು. ಅಲ್ಲಿ ಮೂಟೆ ಹೊರುವ ಹಮಾಲರು ಕೇಳಿದ ಹಾಗೆ ಊರೆಲ್ಲ ತಮ್ಮ ಮಾತು ಕೇಳಬೇಕು ಅನ್ನುವವರು. ನಾನು ರಾಯಚೂರಿನಿಂದ ದೇವದುರ್ಗಕ್ಕೆ ಹೋಗಿ ಕಾಲೇಜಿನ ಹುಡುಗಿಯರಿಗೆ ಚರ್ಚಾಸ್ಪರ್ಧೆ ಕಲಿಸುವವಳು. ತರಬೇತಿ ಮುಗಿಯುವಷ್ಟರಲ್ಲಿ ಬಸ್ಸುಗಳೂ ಮುಗಿದಿರುತ್ತವೆ. ನನ್ನ ಹಳೆಯ ಕಾರಿಲ್ಲದಿದ್ದರೆ ಆ ಕೆಲಸವೂ ಇಲ್ಲ. ಇದು ದೊಡ್ಡಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ಹೋದ ಮಳೆಗಾಲ ಗಬ್ಬೂರಿನ ಹತ್ತಿರ ಹಳ್ಳ ತುಂಬಿ, ರಸ್ತೆಬದಿ ನಿಲ್ಲಿಸಿದ್ದ ಕಾರಿಗೆ ಸೀಟಿನ ಮಟ್ಟಕ್ಕೆ ನೀರು ಬಂತು. ನೀರು ಇಳಿಯುವುದೇ ತಡ, ದೊಡ್ಡಪ್ಪ ಅಪ್ಪನಿಗೊಂದು ಮಾತು ಹೇಳಿ, ನನ್ನನ್ನು ಕೇಳದೆ, ಮಿಲ್ಲಿನ ಟ್ರ್ಯಾಕ್ಟರ್ ಕಳಿಸಿ ಅದನ್ನು ಸಿರವಾರದ ಮಾರ್ಗವಾಗಿ ಮಾನ್ವಿಗೆ ಎಳೆಸಿಕೊಂಡರು. ಅಪ್ಪನ ಜೊತೆ ನಾನೂ ಮಿಲ್ಲಿಗೆ ಹೋದೆ.

"ಹಸಿ ಆದದ್ದು ಒಣಗಬೇಕು, ಅಷ್ಟ. ಭತ್ತ ಆದ್ರೇನು, ಕಾರು ಆದ್ರೇನು?"

"ಭತ್ತಕ್ಕ ಎಂಜಿನ್ ಇರಂಗಿಲ್ರೀ ದೊಡ್ಡಪ್ಪ."

"ಯಾವ ಹಳ್ಳ ಬಂದ್ರೂ ನಿನ್ನ ಬಾಯಿ ಮಾತ್ರ ಮುಳುಗಂಗಿಲ್ಲ ನೋಡವ್ವ."

ಹಮಾಲರು ನಕ್ಕರು. ಭತ್ತ ಒಣಗಿಸುವ ಡ್ರೈಯರಿನ ಬಿಸಿಗಾಳಿಯ ಕೊಳವೆಯನ್ನು ಕಾರಿನ ಕಿಟಕಿಯೊಳಗೆ ತೂರಿಸಿದರು. ಗಾಳಿಯ ಜೊತೆ ಹೊಟ್ಟಿನ ದೂಳೂ ನುಗ್ಗಿತು. ಸೀಟು ಒಣಗಬಹುದು, ಸಿಲಿಂಡರಿನೊಳಗೆ ನಿಂತ ನೀರು ಹೀಗೆ ಹೋಗುವುದಿಲ್ಲ. ಅದು ಇರುವಾಗಲೇ ಕೀಲಿ ತಿರುವಿದರೆ ಒಳಗಿನ ರಾಡು ಬಾಗಿ ಎಂಜಿನ್ ಸಾಯುತ್ತದೆ ಎಂದೆ.

"ಯಾರು ನೋಡ್ಯಾರ?" ಎಂದರು.

ಅವರ ಪ್ರತಿ ಪವಾಡದ ಕಥೆಗೂ ನಾನು ಕೇಳುತ್ತಿದ್ದ ಪ್ರಶ್ನೆ ಅದು. ಜೋಪಾನವಾಗಿ ಇಟ್ಟುಕೊಂಡಿದ್ದು ನನಗೇ ಎಸೆದರು.

"ಸೋಮವಾರ ನಾನ ಕೀಲಿ ತಿರುವ್ತೀನಿ. ಚಾಲೂ ಆಗಲಿಲ್ಲಂದ್ರ ದೇವದುರ್ಗ ಬಿಡು, ಮಿಲ್ಲಿಗೆ ಬಂದು ಕೂಡು."

ಅಪ್ಪ ಆಗಲಿ ಎಂದು ತಲೆಯಾಡಿಸಿದರು. ತೀರ್ಪುಗಾರರೆಲ್ಲ ಎದುರು ತಂಡದವರೇ ಆಗಿರುವಾಗ ವಾದ ಬೆಳೆಸುವುದು ಬಾಯಿಗೆ ದಂಡ. ಎಲ್ಲರೂ ಊಟಕ್ಕೆ ಹೋದಾಗ ಬಾನೆಟ್ ಎತ್ತಿ ಬ್ಯಾಟರಿ ಬಿಚ್ಚಿದೆ. ಗೋಣಿಚೀಲದಲ್ಲಿಟ್ಟು ರಾಯಚೂರಿನ ಬಸ್ಸು ಹತ್ತಿದೆ.

ಸೋಮವಾರ ನೆಂಟರೆಲ್ಲ ನೆರೆದಿದ್ದರು. ಗಾಲಿಗೊಂದು ನಿಂಬೆಹಣ್ಣು. ಬಾನೆಟ್ಟಿನ ಮೇಲೆ ವಿಭೂತಿ ಎಳೆದರು. ಅದನ್ನು ಎತ್ತಿ ನೋಡಬೇಕೆಂದು ಒಬ್ಬರಿಗೂ ಅನ್ನಿಸಲಿಲ್ಲ. ದೊಡ್ಡಪ್ಪ ಕೀಲಿ ತಿರುವಿದರು. ಸದ್ದಿಲ್ಲ. ಮತ್ತೆ ತಿರುವಿದರು.

"ಬ್ಯಾಟರಿ ನಮ್ಮ ಮನ್ಯಾಗ ಅದರೀ," ಎಂದೆ. "ಒಣಗಿಸಾಕತ್ತೀನಿ."

ಈ ಸಲ ಹಮಾಲರು ನಗಲಿಲ್ಲ. ನಗಬೇಕೆಂದು ಅವರಿಗೆ ಎಷ್ಟು ಆಸೆಯಿತ್ತೆಂಬುದು ಮುಖದಲ್ಲೇ ಕಾಣುತ್ತಿತ್ತು.

"ಒಯ್ಯಿ ನಿನ್ನ ಹೆಣಾನ," ಎಂದು ದೊಡ್ಡಪ್ಪ ಕೀಲಿ ಬಿಸಾಡಿದರು.

ಕಾರನ್ನು ರಾಯಚೂರಿಗೆ ಎಳೆಸಿದೆ. ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್ಗು ಕಳಚಿ ಎಂಜಿನ್ ತಿರುಗಿಸಿದಾಗ ಕೆಂಪು ನೀರು ಪಿಚಕಾರಿಯ ಹಾಗೆ ಚಿಮ್ಮಿತು. ವಿಡಿಯೋ ಮಾಡಿ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ದೊಡ್ಡಪ್ಪನ ಉತ್ತರ ಬಂತು: "ಇಷ್ಟ ಉಳಿದಿತ್ತಾ? ಬಾಕಿ ಎಲ್ಲಾ ನಮ್ಮ ಡ್ರೈಯರ್ ತೆಗದದ." ಅದರ ಕೆಳಗೆ ಸಾಲುಸಾಲು ಹೆಬ್ಬೆಟ್ಟು. ಅಪ್ಪನದೂ ಒಂದು.

ಎಣ್ಣೆ ಬದಲಿಸಿ, ವೈರಿಂಗ್ ಸರಿಮಾಡಿಸಿದ ಮೇಲೆ ಕಾರು ಓಡುತ್ತಿದೆ. ದೇವದುರ್ಗವನ್ನು ನಾನು ಬಿಟ್ಟಿಲ್ಲ. ಎಸಿ ಹಾಕಿದರೆ ಮಾತ್ರ ಇವತ್ತಿಗೂ ಹೊಟ್ಟು ಮುಖಕ್ಕೆ ರಾಚುತ್ತದೆ.

ಮೊನ್ನೆ ಕವಿತಾಳದ ನೆಂಟರೊಬ್ಬರು ನೀರಿಗೆ ಸಿಕ್ಕ ತಮ್ಮ ಕಾರನ್ನು ಅದೇ ಡ್ರೈಯರಿಗೆ ಒಯ್ದರಂತೆ.

"ನೀ ಯಾಕ ಬ್ಯಾಡ ಅನ್ನಲಿಲ್ಲ?" ಎಂದೆ ಅಪ್ಪನಿಗೆ.

"ಏನಂತ ಅನ್ಲಿ? ನಿನ್ನ ಕಾರು ಚಾಲೂ ಆಗ್ಯಾದಲ್ಲ."

ಬ್ಯಾಟರಿ ಬಿಚ್ಚಿಟ್ಟುಕೊಳ್ಳಿ ಎನ್ನಲು ಆ ನೆಂಟರಿಗೆ ನಾನೇ ಫೋನು ಮಾಡಿದೆ. ಅವರು ಎತ್ತಲಿಲ್ಲ.