ಕುರ್ಚಿಯೊಳಗಿನ ಕಳ್ಳ

“ಆ ಮಹಡಿ ಮನೆ ಮೇಷ್ಟ್ರು, ತನ್ನ ನೆರಳು ಹಿಂದೆ ಬಂದ್ರೂ ‘ಯಾಕೆ ಬಂದೆ?’ ಅಂತ ಕೇಳೋ ಆಸಾಮಿ,” ಎನ್ನುತ್ತಿದ್ದರು ಅಕ್ಕಪಕ್ಕದವರು. ಬೀಗ ಹಾಕಿ ಜಗ್ಗುವುದು, ಮೆಟ್ಟಿಲಿಳಿದು ಬೀದಿಗೆ ಬಂದವರು ಮತ್ತೆ ಹತ್ತಿಹೋಗಿ ಜಗ್ಗುವುದು, ಇದು ಬೀದಿಗೆಲ್ಲ ಗೊತ್ತಿದ್ದ ಆಟ. ಎದುರುಮನೆಯ ದರ್ಜಿಗೆ ಮಾತ್ರ ಮೇಷ್ಟ್ರ ಮೇಲೆಯೇ ಅನುಮಾನ. ವಾರಕ್ಕೊಮ್ಮೆ ಕಾಲೇಜಿನ ಹುಡುಗ ಹುಡುಗಿಯರು ಬಂದು, ಒಂದು ಕುರ್ಚಿಯಲ್ಲಿ ಮರಳಿನ ಮೂಟೆ ಕೂರಿಸಿ, ಅದಕ್ಕೆ ಮೇಷ್ಟ್ರ ಅಕ್ಕನ ಶಾಲು ಹೊದಿಸಿ, ಧಡಧಡ ಮೆಟ್ಟಿಲು ಹತ್ತಿಸಿ ಇಳಿಸುತ್ತಿದ್ದರು.

“ಆಯಮ್ಮನ್ನ ಏನೋ ಮಾಡ್ಬೇಕು ಅಂತ ಅಭ್ಯಾಸ ನಡೀತಿದೆ ಕಣೇ,” ಎಂದು ದರ್ಜಿ ಹೆಂಡತಿಯ ಕಿವಿ ಊದಿದ.

ಮಾತು ಅಕ್ಕನಿಗೆ ಮುಟ್ಟಿತು. ಕಿಟಕಿಯಿಂದಲೇ ಕೂಗಿದಳು: “ಇನ್ನೂ ಏನೂ ಮಾಡಿಲ್ಲಪ್ಪಾ! ಮಾಡೋವಾಗ ಕರೀತೀನಿ, ಬಾ!”

ಇದ್ದದ್ದು ಇಷ್ಟೇ. ಮೊಣಕಾಲು ಕೈಕೊಟ್ಟ ಮೇಲೆ ಅಕ್ಕ ಮಹಡಿಯಿಂದ ಇಳಿದೇ ಇರಲಿಲ್ಲ. ತಮ್ಮನೋ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು. ಅವರು ನಡೆಸುತ್ತಿದ್ದ ಪಾಠ ಬೇರೆಯವುಗಳ ಹಾಗೆ ಪರೀಕ್ಷೆಯಾದೊಡನೆ ಮುಗಿಯುವಂಥದಲ್ಲ. ಮೊದಲ ವರ್ಷ ಸೇರಿದವರು ಓದು ಮುಗಿಯುವತನಕ ಮೆಟ್ಟಿಲು ಹತ್ತುವ ಅದೊಂದೇ ಕುರ್ಚಿಗೆ ದುಡಿಯಬೇಕು. ದುಡಿದದ್ದಕ್ಕೆ ಉಳಿದ ವಿಷಯಗಳಂತೆಯೇ ಅಂಕ. ಹೋಗುವಾಗ ಕಿರಿಯರ ಕೈಗೆ ಒಪ್ಪಿಸಬೇಕು.

ಒಪ್ಪಿಸುವುದಕ್ಕೂ ಮೇಷ್ಟ್ರದೇ ಒಂದು ಪದ್ಧತಿ. ಹಿರಿಯರು ಕುರ್ಚಿಯೊಳಗೆ ಒಬ್ಬ ‘ಕಳ್ಳ’ನನ್ನು ಕೂರಿಸಿ ಹೋಗಬೇಕು. ಕಳ್ಳನೆಂದರೆ ಬೇಕೆಂದೇ ಸಡಿಲಿಸಿದ ನಟ್ಟು, ಇಲ್ಲವೇ ಉಲ್ಟಾ ಜೋಡಿಸಿದ ತಂತಿ. ಎಲ್ಲಿದ್ದಾನೆಂದು ಬಾಯಿಬಿಡುವಂತಿಲ್ಲ. ಅವನು ಸಿಗುವವರೆಗೆ ಕುರ್ಚಿಯಲ್ಲಿ ಮರಳಿನ ಮೂಟೆಯ ಹೊರತು ಯಾರೂ ಕೂರುವಂತಿಲ್ಲ.

“ಯಂತ್ರ ಸರಿಯಿದೆ ಅಂತ ಯಾರು ಹೇಳಿದ್ರೂ ನಂಬಬೇಡಿ. ನಾನು ಹೇಳಿದ್ರೂ ನಂಬಬೇಡಿ,” ಎನ್ನುತ್ತಿದ್ದರು ಮೇಷ್ಟ್ರು.

“ಈ ಮಾತನ್ನ ನಂಬಬಹುದಾ ಸರ್?” ಎಂದಳು ಒಬ್ಬಳು. ಅಂದಿನಿಂದ ಅವಳ ಹೆಸರು ಬಾಯಾಳಿ.

ಒಂದು ವರ್ಷ ಪ್ರಾಂಶುಪಾಲರಿಗೇ ಅನುಮಾನ ಹತ್ತಿತು. “ಎಷ್ಟು ವರ್ಷ ಆದ್ರೂ ಒಂದು ಕುರ್ಚಿ ಮುಗೀಲಿಲ್ಲ ಅಂದ್ರೆ ಇದೇನು ಪಾಠಾನೋ ಕಾಲಹರಣಾನೋ? ನಿಮ್ಮನೆ ಮೆಟ್ಟಿಲ ಮೇಲೇ ನೋಡ್ತೀನಿ. ಹತ್ತಿದ್ರೆ ಪಾಠ ಇರುತ್ತೆ, ಇಲ್ದಿದ್ರೆ ಇಲ್ಲ.”

ಕುರ್ಚಿ ಆಗಷ್ಟೇ ಬಾಯಾಳಿಯ ತಂಡದ ಕೈಗೆ ಬಂದಿತ್ತು. ಕಳ್ಳನನ್ನು ಹುಡುಕಿದರು. ಚಕ್ರ ಬಿಚ್ಚಿದರು, ಇಲ್ಲ. ಸರಪಳಿ ಬಿಚ್ಚಿದರು, ಇಲ್ಲ. ಮೋಟಾರಿನ ಹೊಟ್ಟೆ ಬಗೆದರು, ಅಲ್ಲೂ ಇಲ್ಲ. ಸಿಗದಷ್ಟೂ ಅನುಮಾನ ಹುತ್ತದಂತೆ ಬೆಳೆಯಿತು. “ನಮಗೆ ಕುರ್ಚಿ ಒಪ್ಪಿಸಿ ಹೋದ ಆ ಚಷ್ಮಾ ಅಣ್ಣ ಭಾರೀ ಕಿಲಾಡಿ. ಎಲ್ಲೋ ಆಳದಲ್ಲಿ ಇಟ್ಟಿದಾನೆ,” ಎಂದುಕೊಂಡು ಬ್ರೇಕಿಗೇ ಕೈಹಾಕಿದರು. ಅದು ಕಾರ್ಖಾನೆಯಲ್ಲೇ ಮುಚ್ಚಿಕೊಂಡು ಬಂದದ್ದು, ಯಾವ ತಂಡವೂ ಮುಟ್ಟಿರಲಿಲ್ಲ. ತೆಗೆದೊಡನೆ ಒಳಗಿನ ಸ್ಪ್ರಿಂಗು ಚಂಗನೆ ಮೂಲೆಗೆ ಹಾರಿತು. “ಸಿಕ್ಕಿದ ಕಳ್ಳ!” ಎಂದು ಚಪ್ಪಾಳೆ ತಟ್ಟಿ, ತಿಳಿದಂತೆ ಮತ್ತೆ ತುರುಕಿದರು.

ನೋಡಲು ಬಂದ ಪ್ರಾಂಶುಪಾಲರು ಮೇಲೆ ಹೋಗಿ ಅಕ್ಕನ ಪಕ್ಕ ನಿಂತರು. ಮೂಟೆ ಹೊತ್ತ ಕುರ್ಚಿ ಅರ್ಧ ಮೆಟ್ಟಿಲು ಹತ್ತಿ ಕಚ್ಚಿಕೊಂಡಿತು. ಬ್ರೇಕು ಬಿಗಿದು ಮೇಲೂ ಹೋಗದು, ಕೆಳಗೂ ಬಾರದು. ಇಕ್ಕಟ್ಟಾದ ಮೆಟ್ಟಿಲು, ಪ್ರಾಂಶುಪಾಲರೂ ಇಳಿಯುವಂತಿಲ್ಲ.

ಚಡಪಡಿಸುತ್ತಿದ್ದವರಿಗೆ ಅಕ್ಕ ನೀರು ಕೊಟ್ಟಳು. “ಕೂತ್ಕೊಳಿ. ನಿಮಗೆ ಸ್ವಲ್ಪ ಹೊತ್ತು ಅಷ್ಟೇ. ನನಗೆ ವರ್ಷಗಳೇ ಆಯ್ತು.”

ಆ ಮಾತು ಎಲ್ಲೋ ನಾಟಿರಬೇಕು. ಇರುವ ಮಕ್ಕಳು ಮುಗಿಸಲಿ, ಹೊಸಬರು ಬೇಡ ಎಂಬಷ್ಟಕ್ಕೆ ಪ್ರಾಂಶುಪಾಲರು ನಿಂತರು.

ಮೇಷ್ಟ್ರು ಚಷ್ಮಾನಿಗೆ ಫೋನು ಹಚ್ಚಿ ಗುಡುಗಿದರು. “ಏನೋ, ಬ್ರೇಕಲ್ಲಿ ಕಳ್ಳನ್ನ ಇಡ್ತಾರೇನೋ?”

“ಈ ಸಲ ಎಲ್ಲೂ ಇಟ್ಟಿರಲಿಲ್ಲ ಸರ್. ಅಕ್ಕ ಕೂರೋ ಕುರ್ಚಿ. ಕೈ ಬರಲಿಲ್ಲ.”

“ಹೇಳೋಕೇನಾಗಿತ್ತು?”

“ಹೇಳಿದ್ರೆ ನಂಬ್ತಿದ್ರಾ ಸರ್?”

ಮೇಷ್ಟ್ರು ಫೋನಿಟ್ಟರು.

ಬಾಯಾಳಿಯ ತಂಡ ಬ್ರೇಕು ಬದಲಿಸಿ, ಉಳಿದ ವರ್ಷಗಳನ್ನೆಲ್ಲ ಅದಕ್ಕೇ ಸುರಿಯಿತು. ಕಾಲೇಜು ಬಿಡುವ ದಿನ ಅವಳು ಬಂದು ಹೇಳಿದಳು: “ಕುರ್ಚಿ ಸರಿಯಿದೆ ಸರ್. ಕಳ್ಳ ಇಲ್ಲ. ನಮ್ಮ ಹಿಂದೆ ಯಾರೂ ಇಲ್ವಲ್ಲ, ಯಾರಿಗೆ ಅಂತ ಇಡೋದು?”

ಅದೇ ವರ್ಷ ಮೇಷ್ಟ್ರಿಗೂ ನಿವೃತ್ತಿ. ಮೆಟ್ಟಿಲಿಲ್ಲದ ಮನೆಯೊಂದು ಸಿಕ್ಕಿತು. ಸಾಮಾನೆಲ್ಲ ಹೋದ ಮೇಲೆ ಅಕ್ಕ ಶಾಲು ಹೊದ್ದು ಕುರ್ಚಿಯಲ್ಲಿ ಕೂತಳು.

“ಬಿಚ್ಚಿ ನೋಡಿದ್ಯೇನೋ?”

“ಇಲ್ಲಕ್ಕಾ. ಮಕ್ಕಳು ಸರಿಯಿದೆ ಅಂದಿದಾರೆ.”

“ಅಯ್ಯೋ, ಹಾಗಾದ್ರೆ ನನಗೇ ಭಯ ಆಗ್ತಿದೆ!”

ಕುರ್ಚಿ ಗುರ್ರೆನ್ನುತ್ತ ಇಳಿಯಿತು. ಮೇಷ್ಟ್ರ ಒಂದು ಕೈ ಮಾತ್ರ ಕೊನೆಯ ಮೆಟ್ಟಿಲಿನವರೆಗೂ ಬ್ರೇಕಿನ ಹಿಡಿಕೆ ಬಿಡಲಿಲ್ಲ. ಕೆಳಗೆ ದರ್ಜಿ ಕುತ್ತಿಗೆಯಲ್ಲಿ ಟೇಪು ನೇತುಹಾಕಿಕೊಂಡೇ ಓಡಿಬಂದಿದ್ದ. “ಕರೀತೀನಿ ಅಂದಿದ್ರಲ್ಲಮ್ಮಾ, ಕರೀದೇನೇ ಬಂದೆ.”

“ಬಾಗಿಲು ನೀನೇ ಹಾಕಪ್ಪಾ,” ಎಂದು ಮೇಷ್ಟ್ರು ಬೀಗ, ಕೀಲಿ ಎರಡನ್ನೂ ಅವನ ಕೈಗಿಟ್ಟು, ಅಕ್ಕನನ್ನು ತಳ್ಳಿಕೊಂಡು ಹೊರಟರು. ದರ್ಜಿ ಬೀಗ ಹಾಕಿದ. ಜಗ್ಗಿದ. ಇಳಿದು ಬೀದಿಗೆ ಬಂದವನು ಯಾಕೋ ಮತ್ತೆ ಹತ್ತಿಹೋಗಿ ಜಗ್ಗಿದ. ಅಕ್ಕ ತಮ್ಮ ಅಷ್ಟರಲ್ಲಿ ತಿರುವು ದಾಟಿದ್ದರು.