ಅಪ್ಪ ತೋಡಿದ ಚರ

ನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಗೆ ನಾನು ಜಲಾನಯನದ ಪಾಠ ಮಾಡುತ್ತೇನೆ. ಗುಡ್ಡದ ಮೇಲೆ ಬಿದ್ದ ಮಳೆ ಎಲ್ಲಿಗೆ ಇಳಿಯುತ್ತದೆ, ಕೆರೆಗೆ ಹೂಳು ಯಾಕೆ ತುಂಬುತ್ತದೆ, ನೀರನ್ನು ಗುಡ್ಡದಲ್ಲೇ ಹಿಡಿದು ನಿಲ್ಲಿಸಿದರೆ ಕೆಳಗಿನ ಜನಕ್ಕೆ ಏನು ಲಾಭ, ಎಲ್ಲವನ್ನೂ ಬಣ್ಣದ ಚಾಕಿನಲ್ಲಿ ಬಿಡಿಸಿ ತೋರಿಸುತ್ತೇನೆ. ಮಕ್ಕಳು ಕನ್ನಡದಲ್ಲಿ ಕೇಳಿ ಹಿಂದಿಯಲ್ಲಿ ಉತ್ತರ ಕೊಡುತ್ತವೆ, ಕೊಡಲಿ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ, ಆ ಗಾದೆಯನ್ನು ನನ್ನಂಥವಳನ್ನು ನೋಡಿಯೇ ಯಾರೋ ಕಟ್ಟಿರಬೇಕು.

ನಮ್ಮ ಬಸ್ತಿ ಇದ್ದದ್ದು ಉಪನಗರದ ಒಂದು ಗುಡ್ಡದ ಮೈಮೇಲೆ. ಗುಡ್ಡದ ಆಚೆ ಮಗ್ಗುಲಿಗೆ ಕೆರೆ. ಆ ಕೆರೆಯ ನೀರನ್ನು ಊರು ಕುಡಿಯುತ್ತದೆ. ನಮಗೆ ಮಾತ್ರ ಟ್ಯಾಂಕರ್. ವಿಜಾಪುರದ ಕಡೆಯಿಂದ ಅಪ್ಪ ಬಂದದ್ದು ಮಣ್ಣು ಕೆಲಸಕ್ಕೆ. ಮಳೆ ಬಂದಾಗ ಗುಡ್ಡ ಜರಿಯಬಾರದು, ಮಣ್ಣು ಕೊಚ್ಚಿಹೋಗಿ ಕೆರೆಗೆ ಬೀಳಬಾರದು ಎಂದು ಗುಡ್ಡದ ಎರಡೂ ಮಗ್ಗುಲಿಗೆ ಚರ ತೋಡಿಸುತ್ತಿದ್ದರು. ಚರ ಅಂದರೆ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ತೋಡಿದ ಉದ್ದನೆಯ ತಗ್ಗು. ಓಡಿ ಬರುವ ನೀರು ಅದರಲ್ಲಿ ಬಿದ್ದು, ನಿಂತು, ಮೆಲ್ಲಗೆ ಇಂಗುತ್ತದೆ. ಎಂಜಿನಿಯರು ಸುಣ್ಣದ ಗೆರೆ ಎಳೆದು ಹೋದ ಮೇಲೆ ಅಪ್ಪ ನೀರು ತುಂಬಿದ ಪೈಪು ಹಿಡಿದು ಇನ್ನೊಮ್ಮೆ ಮಟ್ಟ ನೋಡುತ್ತಿದ್ದನಂತೆ. ಎರಡು ಕಡೆ ಎಂಜಿನಿಯರನ ಗೆರೆಯನ್ನೇ ಅಳಿಸಿ ತನ್ನ ಗೆರೆ ಹಾಕಿದ್ದ. ಆ ಸೊಕ್ಕು ಅವನಿಗೆ ಕೊನೆಯವರೆಗೂ ಇತ್ತು.

ಕೆಲಸ ಮುಗಿಯಿತು, ಗುಡಿಸಲು ಉಳಿದವು. ಗುಡಿಸಲು ಹೋಗಿ ತಗಡು ಬಂತು, ತಗಡು ಹೋಗಿ ಇಟ್ಟಿಗೆ ಬಂತು. ನೀರು ಕಾಯಲು ಕರೆತಂದ ಜನರೇ ಈಗ ಅತಿಕ್ರಮಣದವರು. ಇರಲಿ, ಅದು ಬೇರೆ ಸಂಕಟ.

ಪ್ರತಿ ವರ್ಷ ಜೂನಿನಲ್ಲಿ ಮಿರಗದ ಮಳೆ, ಅಂದರೆ ಮೃಗಶಿರೆಯ ಮಳೆ, ಹಿಡಿಯುವ ಮುಂಚೆ ಒಂದು ದಿನ ಬಸ್ತಿಯವರೆಲ್ಲ ಸಲಿಕೆ, ಬುಟ್ಟಿ ಹಿಡಿದು ಮೇಲೆ ಹೋಗಿ ಚರದ ಹೂಳು ತೆಗೆಯುತ್ತಿದ್ದರು. ಯಾರೂ ಸಂಬಳ ಕೊಡುತ್ತಿರಲಿಲ್ಲ. ತೆಗೆದ ಮೇಲೆ ಒಡ್ಡಿನ ಮೇಲೆ ಕಾಯಿ ಒಡೆದು, ಅಲ್ಲೇ ಕೂತು ಗೋಧಿ ಹುಗ್ಗಿ ಉಣ್ಣುವುದು. ಮಕ್ಕಳಾದ ನಮಗೆ ಅದು ಹಬ್ಬ. ಆಮೇಲೆ ಹುಡುಗರು ಡೆಲಿವರಿ ಕೆಲಸ, ಸೆಕ್ಯುರಿಟಿ ಕೆಲಸ ಅಂತ ಹೋದರು, ಹುಗ್ಗಿ ನಿಂತಿತು. ಅಪ್ಪ ಮಾತ್ರ ನಿಲ್ಲಿಸಲಿಲ್ಲ. ಒಬ್ಬನೇ ನಾಲ್ಕು ದಿನ, ಐದು ದಿನ ತೆಗೆಯುತ್ತಿದ್ದ. ಮುದುಕನಿಗೆ ಮರುಳು ಅಂತ ಜನ ನಕ್ಕರು, ನಾನೂ ನಕ್ಕಿದ್ದೇನೆ.

ನನ್ನ ಮನೆ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ, ಹಿಂದಿನ ಗೋಡೆಗೆ ಹತ್ತಿಕೊಂಡೇ ಚರ. ತಂಗಿಯ ಮನೆ ಮೂರು ಸಾಲು ಕೆಳಗೆ. ಅವಳ ಗಂಡ ಬೈಕುಲ್ಲಾದ ತರಕಾರಿ ಮಾರ್ಕೆಟ್ಟಿನಲ್ಲಿ ಹಮಾಲಿ, ನಸುಕಿಗೇ ಹೋಗುತ್ತಿದ್ದ. ಅವಳು ಮನೆಯಲ್ಲಿ ಬ್ಲೌಸು ಹೊಲಿಯುತ್ತಿದ್ದಳು. ಅಪ್ಪನಿಗೆ ಲಕ್ವ ಹೊಡೆದು ಬಲಮಗ್ಗುಲು ಬಿದ್ದುಹೋದಾಗ, ನನಗೆ ಶಾಲೆ ಇದೆ ಎಂದು, ಅವನನ್ನು ಇಟ್ಟುಕೊಂಡು ನೋಡಿದವಳೂ ಅವಳೇ.

ಆ ಏಪ್ರಿಲ್‌ನಲ್ಲಿ ನಾನು ಚರ ಮುಚ್ಚಿಸಿದೆ. ಕಾರಣ ಹೇಳುತ್ತೇನೆ, ಕೇಳಿ. ಮಗಳು ದೊಡ್ಡವಳಾಗಿದ್ದಳು. ಸಾರ್ವಜನಿಕ ಪಾಯಖಾನೆ ಗುಡ್ಡದ ಬುಡದಲ್ಲಿ, ಅದರ ಬಾಗಿಲಿಗೆ ಚಿಲಕವಿಲ್ಲ. ಅವಳು ಒಳಗೆ, ನಾನು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಎದುರಿಗೆ ಬೀಡಿ ಸೇದುತ್ತಾ ನೋಡುವ ಗಂಡಸರು. ಮನೆಗೆ ಅಂಟಿಸಿ ಕಟ್ಟೋಣ ಅಂದರೆ ಇದ್ದ ಜಾಗ ಚರ ಒಂದೇ. ನನ್ನ ಗಂಡ ಗವಂಡಿ, ಗೋಡೆ ಕಟ್ಟುವವನು. ಬಿಲ್ಡಿಂಗ್ ಕೆಡವಿದ ಕಡೆಯಿಂದ ರಾಬಿಟ್, ಅಂದರೆ ಒಡೆದ ಇಟ್ಟಿಗೆ-ಗಾರೆಯ ಚೂರು, ಚೀಲಗಟ್ಟಲೆ ಹೊತ್ತು ತಂದು ಸುರಿದ. ಒಂದು ವಾರದಲ್ಲಿ ಚರ ನೆಲವಾಯಿತು, ಅದರ ಮೇಲೆ ನೀಲಿ ಟೈಲ್ಸಿನ ಬಾತ್‌ರೂಮು ಎದ್ದಿತು. ಮಗಳು ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ಕೇಳಿ ನಾನು ಅತ್ತಿದ್ದೆ. ಸುಳ್ಳೇಕೆ ಹೇಳಲಿ, ಸಂತೋಷಕ್ಕೆ ಅತ್ತಿದ್ದೆ.

ನಾನೊಬ್ಬಳೇ ಆಗಿದ್ದರೆ ಹದಿನೈದು ಅಡಿ ಚರಕ್ಕೆ ಮುಗಿಯುತ್ತಿತ್ತು. ಆದರೆ ನಾನು ಟೀಚರ್. ಆಫೀಸಿನವರು ಬಂದರೆ ಬಸ್ತಿಯ ಪರವಾಗಿ ಮಾತಾಡುವವಳು, ಅರ್ಜಿ ಬರೆದುಕೊಡುವವಳು. ಟೀಚರೇ ಮುಚ್ಚಿದ ಮೇಲೆ ನಮಗೇನು ಅಂತ ಎಡಗಡೆಯವರು ಒಂದು ಖೋಲಿ ಇಳಿಸಿದರು, ಬಲಗಡೆಯವರು ಅಡಿಗೆಮನೆ ಎಳೆದರು. ಮೇ ಮುಗಿಯುವುದರೊಳಗೆ ನಮ್ಮ ಸಾಲಿನ ಹಿಂದೆ ಚರವೇ ಇರಲಿಲ್ಲ. ಹಾದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗೆ.

ತಂಗಿ ಬಾತ್‌ರೂಮು ನೋಡಲು ಬಂದಳು. ಟೈಲ್ಸಿನ ಮೇಲೆ ಕೈ ಆಡಿಸಿ, ಚಲೋ ಆತಕ್ಕಾ, ಹುಡುಗೀಗೆ ನೆಮ್ಮದಿ ಆತು ಅಂದಳು. ಮತ್ತೆ ಚರ ಎಲ್ಲಿ ಎಂದು ಕೇಳಿದಳು. ಹಿಂದೆ ಇನ್ನೂ ಜಾಗ ಬಿಟ್ಟಿದ್ದೇವೆ ಅಂದೆ. ಅವಳು ಗೋಡೆಯ ಹಿಂದೆ ಹೋಗಿ ನೋಡಲಿಲ್ಲ. ಅಕ್ಕ ಹೇಳಿದ್ದು ಅವಳಿಗೆ ಸಾಕಾಗುತ್ತಿತ್ತು.

ಜೂನಿನಲ್ಲಿ ಅಪ್ಪನಿಗೆ ಮತ್ತೆ ಲಕ್ವ ಹೊಡೆಯಿತು, ಪರೇಲಿನ ಆಸ್ಪತ್ರೆಗೆ ಸೇರಿಸಿದೆವು. ಶಾಲೆಗೆ ರಜೆ ಹಾಕಿ ನಾನೇ ಜೊತೆಗಿದ್ದೆ. ನಾಲಿಗೆ ತೊದಲುತ್ತಿತ್ತು, ಮನೆಯವರ ಹೊರತು ಯಾರಿಗೂ ಅವನ ಮಾತು ತಿಳಿಯದು. ಕಿಟಕಿಯಲ್ಲಿ ಮೋಡ ಕಂಡರೆ ಸಾಕು, ಒಂದೇ ಪ್ರಶ್ನೆ. ಮಿರಗ ಬಂತು, ಚರದ ಹೂಳು ತೆಗೆದಿರಾ? ತೆಗೆದಿದ್ದೇವೆ ಅಪ್ಪಾ ಅಂದೆ. ಪೂರ್ತಿಯಾ, ಆ ತುದಿಯತನಕ? ಪೂರ್ತಿ. ಆಮೇಲೆ ಅವನು ನಿದ್ದೆ ಹೋಗುತ್ತಿದ್ದ. ಅವನನ್ನು ಉದ್ವೇಗಕ್ಕೆ ಒಳಪಡಿಸಬೇಡಿ ಎಂದು ಡಾಕ್ಟರು ಹೇಳಿದ್ದರು, ನನಗೂ ಅದೇ ಬೇಕಾಗಿತ್ತು. ದಿನಕ್ಕೆರಡು ಸಲ ಗುಳಿಗೆ ಕೊಟ್ಟಂತೆ ಆ ಸುಳ್ಳನ್ನೂ ಕೊಡುತ್ತಾ ಬಂದೆ.

ಮಳೆ ಮೂರು ದಿನ ಹಿಡಿದು ಹೊಡೆಯಿತು. ಮೂರನೆಯ ದಿನ ಬೆಳಿಗ್ಗೆ ಗಂಡನ ಫೋನು ಬಂತು: ಎಲ್ಲರೂ ಕೆಳಗಿನ ಶಾಲೆಗೆ ಬನ್ನಿ ಎಂದು ಮೈಕಿನ ಭೋಂಗಾದಲ್ಲಿ ಕೂಗುತ್ತಿದ್ದಾರೆ, ಮಗಳನ್ನು ಕರೆದುಕೊಂಡು ಬಂದಿದ್ದೇನೆ, ನಿನ್ನ ತಂಗಿಗೂ ಹೇಳಿದ್ದೇನೆ ಅಂದ. ನನ್ನ ಮಗಳು ಗುಡ್ಡ ಇಳಿದಿದ್ದಳು. ಇದನ್ನು ನೆನಪಿಟ್ಟುಕೊಳ್ಳಿ.

ಹತ್ತು ನಿಮಿಷಕ್ಕೆ ತಂಗಿಯ ಫೋನು. ಹೋದ ವರ್ಷ ಹೀಗೇ ಎಲ್ಲರೂ ಶಾಲೆಗೆ ಹೋದಾಗ ಅವಳ ಮನೆಯ ಬೀಗ ಮುರಿದು ಹೊಲಿಗೆ ಮಷೀನಿನ ಮೋಟರು ಕದ್ದಿದ್ದರು. ಈ ಸಲ ಒಂದು ಮದುವೆಮನೆಯ ಬಟ್ಟೆಯೆಲ್ಲ ಅವಳ ಹತ್ತಿರ ಇತ್ತು, ಬಿಟ್ಟು ಹೋಗಲು ಮನಸ್ಸಿಲ್ಲ. ಅಪ್ಪ ಹೋಗು ಅಂದರೆ ಹೋಗುತ್ತೇನೆ, ಫೋನು ಅವನಿಗೆ ಕೊಡು ಅಂದಳು.

ಫೋನನ್ನು ಅಪ್ಪನ ಕಿವಿಗೆ ನಾನೇ ಹಿಡಿದೆ. ಅವಳು ಹೇಳಿದ್ದೆಲ್ಲ ಕೇಳಿ ಅಪ್ಪ ಒಂದೊಂದೇ ಮಾತನ್ನು ಎತ್ತಿಟ್ಟ ಹಾಗೆ ಹೇಳಿದ:

"ಮ್ಯಾಲ ಚರಾ ಐತಿ. ನಿಮ್ಮಕ್ಕ ಪೂರಾ ತೆಗಿಸ್ಯಾಳ. ನೀರು ಅದನ್ನ ದಾಟಿ ಬರೂದಿಲ್ಲ. ಮನ್ಯಾಗ ಕುಂದ್ರು, ಅಂಜಬ್ಯಾಡ."

ಹೊರಗೆ ಬಾ. ಎರಡೇ ಪದ ಬೇಕಾಗಿದ್ದದ್ದು. ನನ್ನ ಬಾಯಿ ಅವಳ ಕಿವಿಗೆ ಒಂದು ಗೇಣು ದೂರದಲ್ಲಿತ್ತು. ಅಪ್ಪನಿಗೆ ಆಘಾತವಾಗುತ್ತದೆ ಎಂದು ಹೆದರಿದೆ ಅಂತ ಆಮೇಲೆ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ನನಗೆ ನಾಚಿಕೆಯಾಗಿತ್ತು. ಐವತ್ತರ ಹೆಂಗಸು, ನಲವತ್ತು ಮಕ್ಕಳ ಮುಂದೆ ಸತ್ಯ ಹೇಳಬೇಕು ಅಂತ ಪಾಠ ಮಾಡುವವಳು, ಅಪ್ಪನ ಎದುರು ಸುಳ್ಳಿ ಅನ್ನಿಸಿಕೊಳ್ಳಲು ಹೆದರಿ ಬಾಯಿ ಮುಚ್ಚಿಕೊಂಡೆ. ಹೊರಗೆ ಹೋಗಿ ಅವಳಿಗೆ ಫೋನು ಮಾಡಿದರಾಯಿತು ಅಂದುಕೊಂಡೆ. ಅಷ್ಟರಲ್ಲಿ ಡಾಕ್ಟರು ಬಂದರು, ಔಷಧದ ಚೀಟಿ ಕೊಟ್ಟರು. ಕೌಂಟರಿನ ಸಾಲಿನಲ್ಲಿ ನಿಂತು ಮಾಡಿದಾಗ ಫೋನು ಹತ್ತಲಿಲ್ಲ. ಮತ್ತೆ ಮಾಡಿದೆ, ಹತ್ತಲಿಲ್ಲ.

ಔಷಧವನ್ನು ನರ್ಸಿನ ಕೈಗೆ ಕೊಟ್ಟು ಮನೆಗೆ ಹೊರಟೆ. ಲೋಕಲ್ ರೈಲು ಕುರ್ಲಾದಲ್ಲೇ ನಿಂತುಬಿಟ್ಟಿತು. ಅಲ್ಲಿಂದ ಮೊಣಕಾಲುದ್ದ ನೀರಿನಲ್ಲಿ ನಡೆದೆ, ಸಿಕ್ಕ ರಿಕ್ಷಾ ಹತ್ತಿದೆ, ಮತ್ತೆ ನಡೆದೆ. ಮುಟ್ಟಿದಾಗ ಮಧ್ಯಾಹ್ನ. ಮುಚ್ಚಿದ ಚರಕ್ಕೆ ಬಂದ ನೀರು ನಿಲ್ಲಲು ಜಾಗವಿಲ್ಲದೆ, ನನ್ನ ಬಾತ್‌ರೂಮಿನ ಮಗ್ಗುಲಿಗೇ ಬಾಯಿ ಮಾಡಿಕೊಂಡು ಮಣ್ಣು, ರಾಬಿಟ್, ಪಕ್ಕದವರ ಗೋಡೆ ಎಲ್ಲ ಹೊತ್ತು ಕೆಳಗಿಳಿದಿತ್ತು. ಮೂರು ಸಾಲಿನ ಮನೆಗಳಲ್ಲಿ ಒಂದೊಂದು ಹಲ್ಲು ಕಿತ್ತಂತೆ ಜಾಗ ಖಾಲಿ. ಉಳಿದವರೆಲ್ಲ ಶಾಲೆಗೆ ಹೋಗಿದ್ದರು. ಒಳಗಿದ್ದವಳು ನನ್ನ ತಂಗಿ ಒಬ್ಬಳೇ. ಸಂಜೆ ಐದಕ್ಕೆ ಮಣ್ಣಿನಿಂದ ಅವಳ ಹೆಣ ತೆಗೆದರು. ನನ್ನ ಬಾತ್‌ರೂಮಿನ ಒಂದು ಟೈಲ್ಸೂ ಬಿರಿದಿರಲಿಲ್ಲ.

ಎರಡು ದಿನದ ಮೇಲೆ ನಕ್ಷೆ ಹಿಡಿದು ಒಬ್ಬ ಎಳೆಯ ಎಂಜಿನಿಯರು ಬಂದ. ಇಲ್ಲಿ ಚರ ಇರಬೇಕಲ್ಲ, ಯಾರು ಮುಚ್ಚಿದ್ದು ಎಂದು ಮರಾಠಿಯಲ್ಲಿ ಕೇಳಿದ. ಎಲ್ಲರೂ ನನ್ನ ಮುಖ ನೋಡಿದರು, ಆಮೇಲೆ ನೆಲ ನೋಡಿದರು. ಬಸ್ತಿಯ ಪರವಾಗಿ ಮಾತಾಡುವವಳು ನಾನೇ ತಾನೆ? ಗೊತ್ತಿಲ್ಲ ಸಾಹೇಬ್ರೆ, ಬಹಳ ಹಿಂದೆಯೇ ಹೂಳು ತುಂಬಿರಬೇಕು ಅಂದೆ. ಅವನು ಬರೆದುಕೊಂಡ. ಈಗ ಆ ಸಾಲನ್ನೆಲ್ಲ ಕೆಡವಿದ್ದಾರೆ, ನಮ್ಮನ್ನು ದೂರದ ಬಿಲ್ಡಿಂಗಿಗೆ ಹಾಕಿದ್ದಾರೆ, ಮಷೀನು ತಂದು ಹೊಸ ಚರ ತೋಡಿದ್ದಾರೆ. ಮೊದಲೇ ತೋಡಿದ್ದರೆ ಎಂದು ಶಪಿಸಲು ಕೂಡ ನನಗೆ ಬಾಯಿಲ್ಲ.

ಅಪ್ಪನಿಗೆ ಐದು ದಿನ ಹೇಳಲಿಲ್ಲ. ಕೊನೆಗೆ ತಂಗಿಯ ಗಂಡನೇ ಬಂದು ಅವನ ಕಾಲ ಹತ್ತಿರ ಕೂತು ಅತ್ತುಬಿಟ್ಟ. ಅಪ್ಪ ಅಳಲಿಲ್ಲ. ಎಡಗೈ ಬೆರಳಿನಿಂದ ಚಾದರದ ಮೇಲೆ ಗೆರೆ ಎಳೆಯತೊಡಗಿದ. ಎಳೆಯುವುದು, ಅಂಗೈಯಿಂದ ಒರೆಸುವುದು, ಮತ್ತೆ ಎಳೆಯುವುದು. ಮರುದಿನ ನನ್ನನ್ನು ಹತ್ತಿರ ಕರೆದ.

"ಅಳತಿ ಎಲ್ಲೋ ತಪ್ಪೇತಿ ಯವ್ವಾ. ನೀನು ಪೂರಾ ತೆಗಿಸೀದಿ. ಅಂದ್ರ ತಪ್ಪು ನಾ ತೋಡೂ ಮುಂದ ಆಗೇತಿ."

"ಮಳಿ ಭಾಳ ಆಗಿತ್ತಪ್ಪಾ," ಅಂದೆ.

"ಮಳಿ ಭಾಳ ಆಗತೈತಿ ಅಂತನ ಚರಾ ತೋಡೂದು. ಎಂಜಿನಿಯರನ ಗೆರಿ ಅಳಿಸಿದ್ದೆ ನಾ. ಹುಡುಗೀನ ನಾನ ಕುಂದ್ರು ಅಂದೆ."

ಆಗಲೂ ಹೇಳಬಹುದಾಗಿತ್ತು. ತಂಗಿಯಂತೂ ಹೋಗಿದ್ದಳು, ಇವನಾದರೂ ಹಗುರಾಗಿ ಹೋಗುತ್ತಿದ್ದ. ಹೇಳಲಿಲ್ಲ.

ಅದಾಗಿ ಎರಡು ವಾರ ಬದುಕಿದ್ದ. ಅವನ ಜೊತೆ ಮಣ್ಣು ಹೊತ್ತ ಹಳೆಯ ಮುದುಕರು ಗ್ರಾಂಟ್ ರೋಡ್, ಬೈಕುಲ್ಲಾ ಅಂತ ಎಲ್ಲೆಲ್ಲಿಂದಲೋ ನೋಡಲು ಬರುತ್ತಿದ್ದರು. ಬಂದ ಒಬ್ಬೊಬ್ಬರಿಗೂ ಅಪ್ಪ ಆಡುತ್ತಿದ್ದ ಒಂದೇ ಕೈಯನ್ನು ಎದೆಗೆ ತಂದು ಏನೋ ಹೇಳುತ್ತಿದ್ದ. ತೊದಲು ಅವರಿಗೆ ತಿಳಿಯುತ್ತಿರಲಿಲ್ಲ, ನನ್ನ ಕಡೆ ನೋಡುತ್ತಿದ್ದರು. ನಾನು ಬಿಡಿಸಿ ಹೇಳುತ್ತಿದ್ದೆ: ಚರದ ಅಳತೆ ತಪ್ಪಿತ್ತಂತೆ, ತಪ್ಪು ತನ್ನದಂತೆ, ಕ್ಷಮಿಸಬೇಕಂತೆ.