ಪೂಲ್ ಟೇಬಲ್ ಮೇಲೆ ಅಮ್ಮನ ನಿಂಬೆಹಣ್ಣು

“ಅಮ್ಮಾ, ಕುಂಕುಮ ಹಚ್ಬೇಡ!” ಎಂದು ನಾನೂ ಇಮ್ರಾನನೂ ಒಟ್ಟಿಗೇ ಕಿರುಚಿದೆವು. ತುಮಕೂರಿನ ನಮ್ಮ ಪೂಲ್ ಪಾರ್ಲರ್‌ನ ಟೇಬಲ್‌ಗೆ, ವಿಡಿಯೊ ನೋಡಿ ಕಲಿತು, ಅವತ್ತೇ ಮೊದಲ ಸಲ ನಾವೇ ಹೊಸ ಹಸಿರು ಬಟ್ಟೆ ಹಾಕಿದ್ದೆವು. ಸೋಫಾ ಕೆಲಸದ ಗೆಳೆಯ ಇಮ್ರಾನ್ ಬಿಗಿಯಾಗಿ ಎಳೆದು ಹಿಡಿದಿದ್ದ, ನಾನು ಪಿನ್ ಹೊಡೆದಿದ್ದೆ. ಎಲ್ಲಾದರೂ ಸುಕ್ಕು ಉಳಿದಿದ್ದರೆ ಎಂದು ಚೆಂಡು ಉರುಳಿಸಿ ನೋಡಲು ಮಾತ್ರ ಇಬ್ಬರಿಗೂ ಧೈರ್ಯವಿರಲಿಲ್ಲ.

“ಹೊಸ ಗಾಡಿಗೆ ನಿಂಬೆಹಣ್ಣು ಇಡಲ್ವೇನ್ಲಾ? ಇದ್ಕೂ ಇರ್ಲಿ ಬುಡು,” ಎಂದ ಅಮ್ಮ, ಕುಂಕುಮದ ಬೆರಳನ್ನು ನನ್ನ ಹಣೆಗೆ ಒರೆಸಿ, ಪೂಜೆಯ ನಿಂಬೆಹಣ್ಣನ್ನು ಟೇಬಲ್ ಮೇಲೆ ಉರುಳಿಸಿಯೇಬಿಟ್ಟಳು. ಅದು ಕುಡಿದವನಂತೆ ತೂರಾಡುತ್ತಾ ಹೋಗಿ, ಎದುರಿನ ಅಂಚಿಗೆ ಬಡಿದು, ಚೆಂಡು ಬೀಳಬೇಕಾದ ಮೂಲೆಯ ಪಾಕೆಟ್‌ಗೆ ಸೀದಾ ಬಿತ್ತು! ಮೂವರೂ ಕುಣಿದಾಡಿಬಿಟ್ಟೆವು.

ಈಗ ಟೇಬಲ್‌ನ ಬಟ್ಟೆ ಬದಲಿಸಿದಾಗಲೆಲ್ಲ ಅಮ್ಮ ನಿಂಬೆಹಣ್ಣು ಉರುಳಿಸುತ್ತಾಳೆ. ಆಮೇಲೆ ಒಮ್ಮೆಯೂ ಅದು ಪಾಕೆಟ್‌ಗೆ ಬಿದ್ದಿಲ್ಲ. “ನೀವು ಬಟ್ಟೆ ಸರಿಯಾಗಿ ಎಳ್ದಿಲ್ಲ ಕಣ್ರೋ,” ಅಂತಾಳೆ.